ಕೂಸಿನ ಬಾಯಿ, ಊರಿನ ಬಾಯಿ

ತಿಂಗಳು ತುಂಬದೆ ಹುಟ್ಟಿದ ಮಗುವನ್ನು ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಮೊಲೆ ಹಿಡೀತಾ?" ಇಲ್ಲ ಎಂದರೆ ಮುಗಿಯಿತು. "ಅವಳಿಗೆ ಹಾಲೇ ಇಳಿದಿಲ್ಲ ಕಣಮ್ಮ", "ಬಸುರಿದ್ದಾಗ ನೆಟ್ಟಗೆ ಉಣ್ಣಲಿಲ್ಲ", "ತೊಟ್ಟೇ ಸರಿಯಿಲ್ಲ", "ಅವಳ ತಾಯಿಗೂ ಹಿಂಗೇ ಆಗಿತ್ತಂತೆ", "ಈಗಿನ ಹುಡುಗೀರಿಗೆ ತಾಳ್ಮೆ ಎಲ್ಲಿದೆ?" ಕೋಣೆಯಲ್ಲಿ ಕೂತ ಐದು ಜನ ಹೆಂಗಸರು ಐದು ಕಾರಣ ಹೇಳುತ್ತಾರೆ. ಐದೂ ಕಾರಣ ಬಾಣಂತಿಯ ತಲೆಗೇ ಬರುತ್ತವೆ. ಮಗುವಿನ ಬಾಯೊಳಗೆ, ಗಂಟಲೊಳಗೆ ಏನು ನಡೆಯುತ್ತಿದೆ ಎಂದು ಒಬ್ಬರೂ ಕೇಳುವುದಿಲ್ಲ. ನಮ್ಮ ಶೆಟ್ಟಿಕೆರೆಯಲ್ಲಿ, ಸುತ್ತಿನ ಹಳ್ಳಿಗಳಲ್ಲಿ, ತಿಪಟೂರಿನ ನೆಂಟರ ಮನೆಗಳಲ್ಲಿ ಈ ಮಾತುಗಳನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಮೊದಲು ಬರುತ್ತಿದ್ದ ಬೇಸರ ಹೋಗಿ ಈಗ ಕೋಪ ಬರುತ್ತದೆ. ಈ ಬರಹ ಆ ಕೋಪದ್ದು.

ನಾನು ಹೇಳುವುದು ಇಷ್ಟೇ. ತಿಂಗಳು ತುಂಬದ ಮಗು ಮೊಲೆ ಚೀಪದಿದ್ದರೆ ಅದು ತಾಯಿಯ ಕುಂದಲ್ಲ, ಮಗುವಿನ ಹಟವೂ ಅಲ್ಲ. ಆ ಬಾಯಿ ಇನ್ನೂ ಬಲಿತಿಲ್ಲ. ಅದು ಬಲಿಯುವ ತನಕ ತಾಯಿಯ ಹಾಲನ್ನೇ ಸರಿಯಾದ ರೀತಿಯಲ್ಲಿ ಅದರ ಹೊಟ್ಟೆಗೆ ಮುಟ್ಟಿಸುವುದು ಮನೆಯವರೆಲ್ಲರ ಕೆಲಸ. ಆ ಕೆಲಸ ಬಿಟ್ಟು ತಾಯಿಯನ್ನು ದೂರುವುದು, ಬಲವಂತವಾಗಿ ಹಾಲು ಸುರಿಯುವುದು, ಬಾಟಲಿ ತರಲು ಓಡುವುದು, ಇವು ಮೂರೂ ಕೂಸಿಗೆ ಮಾಡುವ ಅನ್ಯಾಯ.

ತುಂಬು ಬಸಿರಿನ ಲೆಕ್ಕ 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಮಗು. 2020ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದವೆಂದು ಅಂದಾಜು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವೇ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಅಂದಮೇಲೆ ಇದು ಯಾವುದೋ ಒಂದು ಮನೆಯ ಗ್ರಹಚಾರವಲ್ಲ, ಒಬ್ಬ ಸೊಸೆಯ ಕಾಲ್ಗುಣವೂ ಅಲ್ಲ.

ಹಾಲು ಕುಡಿಯುವುದು ನಮಗೆ ಸುಲಭವಾಗಿ ಕಾಣುತ್ತದೆ. ಕೂಸಿಗೆ ಅದು ಮೂರು ಕೆಲಸ: ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ಗಾಳಿ ಹೋಗುವ ದಾರಿ, ಹಾಲು ಹೋಗುವ ದಾರಿ ಗಂಟಲಲ್ಲಿ ಒಂದು ಕಡೆ ಕೂಡುತ್ತವೆ. ನುಂಗುವ ಕ್ಷಣಕ್ಕೆ ಉಸಿರು ನಿಲ್ಲಬೇಕು, ನುಂಗಿದ ಮೇಲೆ ಮತ್ತೆ ಹೊರಡಬೇಕು. ತಾಳ ತಪ್ಪಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ನೆತ್ತಿಗೆ ಹತ್ತಿತು ಎನ್ನುತ್ತೇವಲ್ಲ, ಅದೇ. ದೊಡ್ಡವರು ಕೆಮ್ಮಿ ಸುಧಾರಿಸಿಕೊಳ್ಳುತ್ತಾರೆ. ಒಂದೂವರೆ ಕಿಲೋ ತೂಕದ ಕೂಸಿಗೆ ಗಟ್ಟಿಯಾಗಿ ಕೆಮ್ಮಲೂ ಶಕ್ತಿಯಿರುವುದಿಲ್ಲ, ಸುಮ್ಮನೆ ನೀಲಿಯಾಗುತ್ತದೆ.

ನುಂಗುವುದನ್ನು ಮಗು ಗರ್ಭದಲ್ಲೇ ಕಲಿತಿರುತ್ತದೆ. ಆದರೆ ಈ ಮೂರು ಕೆಲಸ ಹೊಂದಿಕೊಳ್ಳಲು ಶುರುವಾಗುವುದು ಸುಮಾರು 32ರಿಂದ 34ನೇ ವಾರದಲ್ಲಿ. ಚೆನ್ನಾಗಿ ಕೂಡಿಬರಲು ಇನ್ನೂ ಎರಡು ಮೂರು ವಾರ ಹಿಡಿಯುತ್ತದೆ. ಆದ್ದರಿಂದಲೇ ಅದಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ಆಸ್ಪತ್ರೆಯಲ್ಲಿ ಸಣ್ಣ ನಳಿಕೆಯಿಂದ ನೇರವಾಗಿ ಹೊಟ್ಟೆಗೇ ಹಾಲು ಹಾಕುತ್ತಾರೆ. 32 ವಾರ ದಾಟಿದ ಮೇಲೆ ಬಟ್ಟಲು, ಚಮಚ; 34ರ ಆಚೀಚೆ ನೇರ ಮೊಲೆ. ಮಗುವಿಂದ ಮಗುವಿಗೆ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಮೂಗಲ್ಲೋ ಬಾಯಲ್ಲೋ ನಳಿಕೆ ನೋಡಿದ ಕೂಡಲೇ "ಅಯ್ಯೋ, ಇನ್ನೆಲ್ಲಿ ಉಳೀತದೆ" ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುವವರು ತಿಳಿಯಬೇಕಾದ್ದು ಇದು. ಆ ನಳಿಕೆ ಮಗುವಿಗೆ ಬೆಳೆಯಲು ಕೊಟ್ಟಿರುವ ವ್ಯವಧಾನ.

ನಾವು ಕೊಬ್ಬರಿ ಸೀಮೆಯ ಜನ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತೇವೆ. ಒಳಗಿನ ನೀರು ಇಂಗಬೇಕು, ಗಿಟುಕು ಚಿಪ್ಪು ಬಿಡಬೇಕು. ಅವಸರಪಟ್ಟು ಒಡೆದರೆ ಮಾಲು ಕೆಡುತ್ತದೆಂದು ಎಂಟು ವರ್ಷದ ಹುಡುಗನಿಗೂ ಗೊತ್ತು. ಕೊಬ್ಬರಿಗೆ ವರ್ಷ ಕಾಯುವವರಿಗೆ ಕೂಸಿಗೆ ನಾಲ್ಕು ವಾರ ಕಾಯಲು ಆಗುವುದಿಲ್ಲ ಎಂದರೆ ಏನು ಹೇಳೋಣ?

ಇನ್ನೊಂದು ಮಾತಿದೆ: ಏಳಕ್ಕೆ ಹುಟ್ಟಿದರೆ ಬದುಕುತ್ತದೆ, ಎಂಟಕ್ಕೆ ಹುಟ್ಟಿದರೆ ಬದುಕುವುದಿಲ್ಲ. ಇದಕ್ಕಿಂತ ಶುದ್ಧ ಸುಳ್ಳು ಇನ್ನೊಂದಿಲ್ಲ. ಗರ್ಭದಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗುವಿಗೆ ಒಳ್ಳೆಯದೇ; ಎಂಟರ ಮಗು ಏಳರದಕ್ಕಿಂತ ಗಟ್ಟಿ. ಆದರೆ ಎಂಟು ತುಂಬಿ ಹುಟ್ಟಿದ ಮಗುವಿಗೆ ಬೇರೊಂದು ಅಪಾಯವಿದೆ. ಅದು ನೋಡಲು ತುಂಬು ಮಗುವಿನ ಹಾಗೇ ಇರುತ್ತದೆ. ಎರಡು ಗುಟುಕು ಚೀಪಿ ದಣಿದು ನಿದ್ದೆಹೋಗುತ್ತದೆ. "ಪುಣ್ಯಾತ್ಮ ಕೂಸು, ಅಳೋದೇ ಇಲ್ಲ" ಎಂದು ಮನೆಯವರು ಹೊಗಳುತ್ತಾರೆ. ಹೊಗಳಿಕೆಯ ನಡುವೆ ಮಗು ಉಪವಾಸ ಬೀಳುತ್ತದೆ, ತೂಕ ಇಳಿಯುತ್ತದೆ, ಕಾಮಾಲೆ ಏರುತ್ತದೆ. ಹಸಿದರೆ ಅಳುತ್ತದೆ ಎನ್ನುವ ನಂಬಿಕೆ ತುಂಬು ಮಗುವಿಗೆ ಸರಿ; ಇಂಥ ಮಗುವನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯೇ ಕುಡಿಸಬೇಕು.

ಈಗ ನಮ್ಮ ಮನೆಮದ್ದುಗಳ ಸಂಗತಿಗೆ ಬರುತ್ತೇನೆ. ಹಿರಿಯರನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಬಾಣಂತನದಲ್ಲಿ ಅವರ ಕೈಯ ಬೆಚ್ಚನೆ ಬೇರೆಲ್ಲಿ ಸಿಗುತ್ತದೆ? ಆದರೆ ಮಗು ಹಾಲು ಕುಡಿಯುತ್ತಿಲ್ಲ ಎಂದ ಕೂಡಲೇ ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು ಹಾಕುವುದು, ಬಜೆ ತೇಯ್ದು ನಾಲಗೆಗೆ ಹಚ್ಚುವುದು, ಕತ್ತೆ ಹಾಲು ತರಿಸುವುದು, ಗ್ರೈಪ್ ವಾಟರ್ ಹನಿಸುವುದು, ಇವೆಲ್ಲ ಬಲಿಯದ ಕರುಳಿಗೆ ಸೋಂಕನ್ನು ಕರೆದು ಕೂರಿಸಿದಂತೆ. ಇನ್ನು ಎಣ್ಣೆ. ತೆಂಗಿನ ಸೀಮೆಯಲ್ಲಿ ಎಣ್ಣೆಗೆ ಬರವಿಲ್ಲ. ಮೈಗೆ ಮೃದುವಾಗಿ ಹಚ್ಚಿದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಮೂಗಿಗೆ, ಗಂಟಲಿಗೆ ಎಣ್ಣೆ ಬಿಡುವುದಿದೆಯಲ್ಲ, ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರು ಇದನ್ನು ಎಷ್ಟೋ ಕಾಲದಿಂದ ಹೇಳುತ್ತಲೇ ಬಂದಿದ್ದಾರೆ.

ಎಲ್ಲಕ್ಕಿಂತ ಕೆಟ್ಟದ್ದು ಬಲವಂತ. ನಮ್ಮ ಬೀದಿಯ ಒಂದು ಮನೆಯಲ್ಲಿ 33 ವಾರಕ್ಕೆ ಹುಟ್ಟಿದ ಹೆಣ್ಣುಕೂಸು ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಅಜ್ಜಿ ಕಾಲು ಚಾಚಿ ಮಗುವನ್ನು ಅಂಗಾತ ಮಲಗಿಸಿಕೊಂಡು, ಕೆನ್ನೆ ಅದುಮಿ ಬಾಯಿ ತೆರೆಸಿ ಹಾಲು ಹೊಯ್ದರು. ಪ್ರೀತಿಯಿಂದಲೇ ಹೊಯ್ದರು, ಮಗು ಬಡವಾಗುತ್ತಿದೆಯೆಂಬ ಸಂಕಟದಿಂದಲೇ ಹೊಯ್ದರು. ಮೂರನೇ ಗುಟುಕಿಗೆ ಮಗು ಉಸಿರು ಬಿಟ್ಟಿತು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ತುಮಕೂರಿಗೆ ಓಡಿದರು. ಎರಡು ವಾರ ಆಮ್ಲಜನಕದ ಮೇಲೆ ಇಟ್ಟು ಉಳಿಸಿದರು. ಊರಿಗೆ ಬಂದ ಮೇಲೆ ಜನ ಏನೆಂದರು ಗೊತ್ತೇ? "ತಾಯಿಗೆ ಹಾಲಿದ್ದಿದ್ದರೆ ಇದೆಲ್ಲ ಆಗ್ತಿತ್ತಾ?" ಆ ಹುಡುಗಿ ಅಂದಿನಿಂದ ತನ್ನ ಎದೆ ಹಾಲು ಹಿಂಡುವುದನ್ನೇ ಬಿಟ್ಟಳು. ಹಿಂಡದ ಎದೆ ಬತ್ತದೆ ಇನ್ನೇನು ಮಾಡೀತು? ಊರಿನ ಬಾಯಿ ಮೊದಲು ಹೇಳಿದ ಸುಳ್ಳನ್ನು ತಾನೇ ನಿಜ ಮಾಡಿ ತೋರಿಸಿತು.

ಮುಂದಿನದು ಬಾಟಲಿ. ಹಾಲಿಲ್ಲ ಎಂಬ ತೀರ್ಪು ಬಿದ್ದ ಮನೆಗೆ ಸಂಜೆಯೊಳಗೆ ಮೆಡಿಕಲ್ ಶಾಪಿನಿಂದ ಪುಡಿಯ ಡಬ್ಬಿ, ರಬ್ಬರ್ ನಿಪ್ಪಲಿನ ಬಾಟಲಿ ಬರುತ್ತವೆ. ನಮ್ಮ ನೆಂಟರ ಹುಡುಗಿಯೊಬ್ಬಳಿಗೆ ಒಂದು ನರ್ಸಿಂಗ್ ಹೋಮಿನವರೇ ಮನೆಗೆ ಕಳಿಸುವಾಗ ಔಷಧಿ ಚೀಟಿಯಲ್ಲಿ ಡಬ್ಬಿಯ ಹೆಸರು ಬರೆದು ಕೊಟ್ಟಿದ್ದರು. ಹಾಲು ಹಿಂಡುವುದು ಹೇಗೆಂದು ಐದು ನಿಮಿಷ ಹೇಳಿಕೊಡಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಈ ವ್ಯಾಪಾರಕ್ಕೆ ಲಗಾಮು ಹಾಕಲೆಂದೇ ಈ ದೇಶದಲ್ಲಿ 1992ರಲ್ಲಿ ಕಾನೂನು ಬಂದಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಗಿದೆ. ಶಿಶುಗಳ ಪುಡಿ ಹಾಲಿಗೆ, ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ. ತಾಯಂದಿರಿಗೆ ಪುಕ್ಕಟೆ ಮಾದರಿ ಹಂಚುವಂತಿಲ್ಲ. ಆಸ್ಪತ್ರೆಯ ಸಿಬ್ಬಂದಿಗೆ ಉಡುಗೊರೆ, ಕಮಿಷನ್ ಕೊಡುವಂತಿಲ್ಲ. ಈ ಕಾನೂನು ಇದೆಯೆಂದು ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಬಾಟಲಿಯ ಮೇಲೆ ನನಗೇಕೆ ಇಷ್ಟು ಸಿಟ್ಟೆಂದು ಕೇಳಬಹುದು. ಮಗು ಚೀಪಲಿ ಬಿಡಲಿ, ರಬ್ಬರ್ ತೂತಿನಿಂದ ಹಾಲು ತೊಟ್ಟಿಕ್ಕುತ್ತಲೇ ಇರುತ್ತದೆ. ಬೇಗ ಕುಡಿಯಲೆಂದು ಬಿಸಿ ಸೂಜಿಯಿಂದ ತೂತು ದೊಡ್ಡದು ಮಾಡುವ ಜಾಣರೂ ಇದ್ದಾರೆ. ಉಸಿರಿಗೆ ಬಿಡುವು ಕೊಡದ ಆ ಧಾರೆ ಬಲಿಯದ ಗಂಟಲಿಗೆ ತಡೆಯುವುದಿಲ್ಲ. ನಿಪ್ಪಲಿನ ಸಂದಿಯಲ್ಲಿ ಕೂತ ಹಾಲಿನ ಜಿಡ್ಡು ಎಷ್ಟು ತೊಳೆದರೂ ಹೋಗುವುದಿಲ್ಲ. ಡಬ್ಬಿ ಬೇಗ ಮುಗಿಯುತ್ತದೆಂದು ಪುಡಿ ಕಡಿಮೆ ಹಾಕಿ ನೀರು ಹೆಚ್ಚು ಬೆರೆಸುವುದು ಬಡವರ ಮನೆಯಲ್ಲಿ ನಡೆದೇ ನಡೆಯುತ್ತದೆ. ಅದಕ್ಕಿಂತ ದೊಡ್ಡ ಮಾತು: ದಿನ ತುಂಬದ ಮಕ್ಕಳಿಗೆ ಕರುಳೇ ಕೊಳೆಯುವಂಥ ಒಂದು ಭಯಂಕರ ರೋಗ ಬರುವುದುಂಟು. ಪುಡಿ ಹಾಲು ಕುಡಿದ ಮಕ್ಕಳಲ್ಲಿ ಅದು ಹೆಚ್ಚು, ತಾಯಿಯ ಹಾಲು ಕುಡಿದವಲ್ಲಿ ಕಡಿಮೆ.

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ಅಟ್ಟದ ಮೇಲೇ ಇದೆ. ಒಳಲೆ! ಅಂಗೈಯಲ್ಲಿ ಕೂರುವ ಬಟ್ಟಲು, ಒಂದು ಕಡೆ ಹಕ್ಕಿಯ ಕೊಕ್ಕಿನಂಥ ಮೂತಿ. ಉಳ್ಳವರು ನಾಮಕರಣಕ್ಕೆ ಬೆಳ್ಳಿಯದು ಕೊಡುತ್ತಿದ್ದರು. ಬಾಟಲಿ ಬಂದ ಮೇಲೆ ಇದನ್ನು ಹಳೇ ಕಾಲದ್ದೆಂದು ಮೂಲೆಗೆ ಹಾಕಿದೆವು. ತಮಿಳರು ಇದನ್ನು ಪಾಲಡೈ ಎನ್ನುತ್ತಾರೆ. ಮೊಲೆ ಚೀಪಲಾಗದ ಕಡಿಮೆ ತೂಕದ ಮಕ್ಕಳಿಗೆ ಬಟ್ಟಲಿನಲ್ಲಿ, ಇಲ್ಲವೇ ಪಾಲಡೈಯಲ್ಲಿ, ಇಲ್ಲವೇ ಚಮಚದಲ್ಲಿ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರ ತನ್ನ ಮಾರ್ಗಸೂಚಿಯಲ್ಲಿ ಆ ಹೆಸರು ಹಿಡಿದೇ ಬರೆದಿದೆ. ಬಾಟಲಿ, ಬಟ್ಟಲು, ಪಾಲಡೈ ಮೂರನ್ನೂ ಹೋಲಿಸಿ ನಮ್ಮ ದೇಶದ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಹಾಲು ಮಕ್ಕಳ ಹೊಟ್ಟೆ ಸೇರಿದ್ದು ಪಾಲಡೈಯಲ್ಲೇ. 2007ರಲ್ಲಿ ಇಂಗ್ಲೆಂಡಿನವರು ಮಾಡಿ ನೋಡಿದಾಗ ಹಾಲು ಹೆಚ್ಚು ಚೆಲ್ಲಿತು, ಹೊತ್ತೂ ಹೆಚ್ಚು ಹಿಡಿಯಿತು. ಒಳಲೆಯೊಂದಿದ್ದರೆ ಸಾಲದು, ಅದನ್ನು ಹಿಡಿಯುವ ಕೈಗೆ ಹದ ತಿಳಿದಿರಬೇಕು ಎಂದು ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ನಮ್ಮ ಅಜ್ಜಿಯರ ಕೈಗೆ ಆ ಹದ ಇತ್ತು. ಆದರೆ ಅವರ ಅಂಗಾತ ಮಲಗಿಸುವ ಪದ್ಧತಿಯನ್ನು ಮಾತ್ರ ನಾವು ಬಿಡಬೇಕು.

ಮಗು ಎಚ್ಚರವಿರಬೇಕು. ಬಟ್ಟೆ ಸುತ್ತಿ ತೊಡೆಯ ಮೇಲೆ ಅರ್ಧ ಕೂರಿಸಿದಂತೆ ಹಿಡಿದು, ಕುತ್ತಿಗೆಗೆ ಕೈ ಆಸರೆ ಕೊಡಬೇಕು. ಒಳಲೆಯ ಮೂತಿ ಕೆಳತುಟಿಯ ಮೇಲೆ, ಬಾಯಿಯ ಅಂಚಿಗೆ ಇರಬೇಕು. ಹಾಲು ತುಟಿಗೆ ತಾಗುವಷ್ಟೇ ಓರೆ ಮಾಡಬೇಕು, ಸುರಿಯಬಾರದು. ಮಗು ನಾಲಗೆ ಚಾಚಿ ತಾನೇ ಎಳೆದುಕೊಳ್ಳಬೇಕು. ನುಂಗಿತೇ ಎಂದು ನೋಡಿ, ಉಸಿರಾಡಲು ಬಿಟ್ಟು, ಮತ್ತೆ ಒಂದಿಷ್ಟು. ಅರ್ಧ ಗಂಟೆಗಿಂತ ಹೆಚ್ಚು ಜಗ್ಗಬಾರದು, ಮಗು ದಣಿಯುತ್ತದೆ. ಪ್ರತಿ ಸಲವೂ ತೊಳೆದು ಕುದಿಸಬೇಕು. ಹಿತ್ತಾಳೆಯದು ಬೇಡ, ಹಾಲಿಗೆ ತಾಮ್ರ ಬಿಡುತ್ತದೆ, ಸ್ಟೀಲಿನದು ಸಾಕು. ಮೊದಲ ನಾಲ್ಕು ದಿನ ಆಸ್ಪತ್ರೆಯ ನರ್ಸಮ್ಮನ ಎದುರಿಗೇ ಕುಡಿಸಿ ಕಲಿಯಬೇಕು. ಹೇಳಿಕೊಡಿ ಎಂದು ಕೇಳಲು ಸಂಕೋಚ ಬೇಡ, ಹೇಳಿಕೊಡುವುದು ಅವರ ಕೆಲಸ.

ಒಳಲೆಗೆ ಹಾಕುವ ಹಾಲು ತಾಯಿಯದೇ ಆಗಿರಬೇಕು. ದಿನ ತುಂಬದೆ ಹೆತ್ತ ತಾಯಿಯ ಮೊದಮೊದಲ ಹಾಲಿನಲ್ಲಿ ಪ್ರೋಟೀನು ಹೆಚ್ಚಿರುತ್ತದೆ. ಹೆತ್ತ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಲು ತೊಡಗಬೇಕು. ಮೊದಲ ದಿನ ಒಂದು ಚಮಚ ಬಂದರೂ ಹೆಚ್ಚೇ. ಆ ಪುಟ್ಟ ಹೊಟ್ಟೆಗೆ ಬೇಕಾದ್ದೂ ಅಷ್ಟೇ. ದಿನಕ್ಕೆ ಎಂಟು ಸಲ, ರಾತ್ರಿಯೂ ಬಿಡದೆ ಹಿಂಡಿದರೆ ಹಾಲು ಏರುತ್ತದೆ. ಎದೆ ಬೇಡಿಕೆಗೆ ತಕ್ಕಂತೆ ಹಾಲು ಕೊಡುತ್ತದೆ. ಬೈಗುಳಕ್ಕೆ, ಕಣ್ಣೀರಿಗೆ ಹಾಲು ಕಟ್ಟಿಕೊಳ್ಳುತ್ತದೆ. "ನಿನಗೆ ಹಾಲಿಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುವ ಅತ್ತೆ ತನ್ನ ಮೊಮ್ಮಗುವಿನ ಅನ್ನ ಕಿತ್ತುಕೊಳ್ಳುತ್ತಿದ್ದಾಳೆ ಎಂದರೆ ಒರಟು ಮಾತಾದೀತು, ಆದರೆ ಸುಳ್ಳಾಗದು.

ನಮ್ಮ ಬಾಣಂತನದ ಕಟ್ಟುಪಾಡು ಕೂಡ ಇಲ್ಲಿ ಅಡ್ಡ ಬರುತ್ತದೆ. ಮಗು ತುಮಕೂರಿನ ಜಿಲ್ಲಾಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ, ತಾಯಿ ತವರಿನ ಕತ್ತಲೆ ಕೋಣೆಯಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು! ಶೀತವಾಗುತ್ತದೆಂದು ಕುಡಿಯಲು ನೀರನ್ನೂ ಅಳೆದು ಕೊಡುತ್ತಾರೆ. ಮಗು ಇದ್ದಲ್ಲಿ ತಾಯಿ ಇರಬೇಕು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದ ಆಸ್ಪತ್ರೆಯಲ್ಲಿ, ಡಾಕ್ಟರ್ ಎಡ್ಗರ್ ರೇ ಎಂಬುವರು ಸಣ್ಣ ಮಕ್ಕಳನ್ನು ತಾಯಿಯ ಬರಿಯೆದೆಗೆ ಕಟ್ಟಿ ಸಾಕುವ ಪದ್ಧತಿ ತಂದರು. ಇದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದ್ದರಿಂದ ಮಕ್ಕಳ ಸಾವು ಶೇಕಡ 25ರಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ತೋರಿಸಿದ್ದಾರೆ. ಎದೆಗಂಟಿದ ಮಗು ಹಾಲಿನ ವಾಸನೆ ಹಿಡಿಯುತ್ತದೆ, ನೆಕ್ಕುತ್ತದೆ, ಹಿಂಡಿ ಬರಿದಾದ ಮೊಲೆಯನ್ನು ಚೀಪಿ ಅಭ್ಯಾಸ ಮಾಡಿಕೊಳ್ಳುತ್ತದೆ. ತಾಯಿ ಉಣ್ಣುವಾಗ, ಮೀಯುವಾಗ ತಂದೆಯ ಎದೆಯೂ ನಡೆಯುತ್ತದೆ. ಗಂಡಸರಿಗೆ ನಾಚಿಕೆಯಾದರೆ ಆಗಲಿ, ನಾಚಿಕೆಯಿಂದ ಯಾರೂ ಸತ್ತಿಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಮಕ್ಕಳು ಬದುಕಲಿಲ್ವಾ?" ಎನ್ನುತ್ತಾರೆ. ಬದುಕಿದವರು ಎದುರಿಗೆ ಕೂತು ಮಾತಾಡುತ್ತಾರೆ. ಬದುಕದವರು ತೋಟದ ಬದುವಿನಲ್ಲಿ ಮಲಗಿದ್ದಾರೆ, ಅವರು ಸಾಕ್ಷಿ ಹೇಳಲು ಬರುವುದಿಲ್ಲ. ಹಳೆಯ ಮುದುಕಿಯರನ್ನು "ಎಷ್ಟು ಹೆತ್ತೆ?" ಎಂದು ಕೇಳಿ, ಆಮೇಲೆ "ಎಷ್ಟು ಉಳಿದವು?" ಎಂದು ಕೇಳಿ. ಎರಡು ಲೆಕ್ಕದ ನಡುವಿನ ಅಂತರವೇ ಉತ್ತರ.

"ತಾಯಿಗೆ ನಿಜವಾಗಿಯೂ ಹಾಲು ಬರದಿದ್ದರೆ?" ಎಂಬ ಪ್ರಶ್ನೆ ನ್ಯಾಯವಾದದ್ದು. ಕಾಯಿಲೆ ಬಿದ್ದ ತಾಯಂದಿರಿದ್ದಾರೆ, ಹೆರಿಗೆಯಲ್ಲೇ ಹೋದವರಿದ್ದಾರೆ. ಅಂಥ ಮಕ್ಕಳಿಗಾಗಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ತೆರೆದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಅಂಥದ್ದು ಬಂದಿದೆ. ಜಿಲ್ಲೆಗೊಂದು ಬೇಕೆಂದು ನಾವು ಕೇಳಬೇಕು. ಅದೂ ಸಿಗದಾಗ ವೈದ್ಯರು ಪುಡಿ ಹಾಲು ಹೇಳಿದರೆ ಕೊಡಬೇಕು, ಒಳಲೆಯಲ್ಲೇ ಕೊಡಬೇಕು. ಆ ತಾಯಿಯನ್ನು ದೂರುವ ಹಕ್ಕು ಆಗಲೂ ಯಾರಿಗೂ ಇಲ್ಲ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧಿ, ವಾಹನ ಪುಕ್ಕಟೆ ಕೊಡಬೇಕೆಂಬ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಬರಬೇಕು. ಬಂದವಳನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಮಗುವನ್ನು ತೂಕ ಮಾಡಿಸಿ, ಕುಡಿಯುವ ರೀತಿ ತೋರಿಸಿ. ತುಟಿ ನೀಲಿಯಾದರೆ, ಕುಡಿಯುವಾಗ ಉಸಿರು ನಿಂತರೆ, ಹಾಲು ಮೂಗಿನಲ್ಲಿ ಬಂದರೆ, ಅಂಗಾಲು ತಣ್ಣಗಾದರೆ, ಉಚ್ಚೆ ಕಡಿಮೆಯಾದರೆ, ಕುಡಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಕುಡಿಯದಾದರೆ ದೃಷ್ಟಿ ತೆಗೆಯುತ್ತಾ ಕೂರದೆ 108ಕ್ಕೆ ಫೋನು ಮಾಡಿ.

ಇಂಥ ಮನೆಗೆ ಮಗು ನೋಡಲು ಹೋಗುವ ನನ್ನ ಅಕ್ಕತಂಗಿಯರಲ್ಲಿ ಒಂದೇ ಬೇಡಿಕೆ. ಮಗುವಿನ ಕೈಗೆ ದುಡ್ಡು ಇಡುವ ಬದಲು ಒಂದು ಸ್ಟೀಲ್ ಒಳಲೆ ಕೊಡಿ. "ಮೊಲೆ ಹಿಡೀತಾ?" ಎಂದು ಕೇಳುವ ಬದಲು "ಎಷ್ಟು ವಾರಕ್ಕೆ ಹುಟ್ಟಿತು? ಈಗ ತೂಕ ಎಷ್ಟು?" ಎಂದು ಕೇಳಿ. ಬಾಣಂತಿ ಹಾಲು ಹಿಂಡಿಕೊಳ್ಳುವಷ್ಟು ಹೊತ್ತು ಅವಳ ಪಾತ್ರೆ ತೊಳೆದುಕೊಡಿ, ದೊಡ್ಡ ಮಗುವನ್ನು ಆಡಿಸಿ. ಅದೂ ಆಗದಿದ್ದರೆ ಕುಂಕುಮ ತೆಗೆದುಕೊಂಡು ಎದ್ದು ಬನ್ನಿ. ಕೂಸಿನ ಬಾಯಿ ಬಲಿಯುವ ತನಕ ಊರಿನ ಬಾಯಿ ಮುಚ್ಚಿರಲಿ.